ಟವೆಲಿನ ಕೆಳಗೆ

ಫಾರಂ ಮೊದಲು ಕೇಳಿದ್ದು ಹೆಸರು. ಅಲವೇಲು ಎಂದೆ.
ಆಮೇಲೆ ಕಂಪನಿಯ ಹೆಸರು. ಮತ್ತೆ ಅಲವೇಲು ಎಂದೇ ಒತ್ತಿದೆ.
ನಿಮ್ಮ ಜಾಲತಾಣಕ್ಕೆ ತಿಂಗಳಿಗೆ ಬರುವವರೆಷ್ಟು?
ಹನ್ನೊಂದು.
ಅದರಲ್ಲಿ ನಾಲ್ಕು ನಾನೇ,
ಯಾರಾದರೂ ಬಂದರೇನೋ ಎಂದು
ಆಗಾಗ ಹೋಗಿ ಇಣುಕಿದವಳು.
ಅದನ್ನು ಕೇಳಿರಲಿಲ್ಲ, ಬರೆಯಲಿಲ್ಲ.

ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ ನಮ್ಮ ಅಂಗಡಿ,
ಆರಡಿ ಅಗಲ. ಕುಕ್ಕರಿನ ಹಿಡಿ, ವಿಷಲ್ಲು, ವಾಲ್ವು,
ಮೊಳೆಗೆ ಜೋತುಬಿದ್ದ ಗ್ಯಾಸ್ಕೆಟ್ಟುಗಳು
ಯಾವುದೋ ದೊಡ್ಡ ಹೆಂಗಸಿನ ಕರಿ ಬಳೆಗಳ ಹಾಗೆ.
ಯಾವ ಮೂರು ಲೀಟರಿಗೆ ಯಾವ ರಬ್ಬರು,
ಯಾವುದು ಎಷ್ಟು ತಿಂಗಳಿಗೆ ಬಿರಿಯುತ್ತದೆ
ಎಂದು ಬರೆಯುತ್ತೇನೆ, ರಾತ್ರಿ, ಷಟರ್ ಎಳೆದ ಮೇಲೆ.
ಓದಿದವರು ಅಲ್ಲೇ ಒತ್ತಿ ಕೊಂಡರೆ
ನೂರಕ್ಕೆ ನಾಲ್ಕು ನನಗೆ.
ಸರಕು ಇಡುವ ಹಾಗಿಲ್ಲ, ಉದ್ದರಿಯ ಕಾಟವಿಲ್ಲ.

'ದಲ್ಲಾಳಿ ಕೆಲಸ ಅನ್ನು' ಎಂದಳು ಅತ್ತೆ,
ಅವರೆಬೇಳೆ ಹಿದುಕುತ್ತಾ, ತಲೆ ಎತ್ತದೆ.

ಹೌದು. ನಮ್ಮ ತಾತ ಗಂಗುಲಪ್ಪ
ದನದ ಸಂತೆಯಲ್ಲಿ ಅದನ್ನೇ ಮಾಡಿದವನು.
ಕೊಳ್ಳುವವನ ಕೈ, ತಾತನ ಕೈ, ಮೇಲೊಂದು ಟವೆಲು.
ಒಳಗೆ ಬೆರಳು ಬೆರಳನ್ನು ಹಿಡಿದರೆ ಸಾವಿರ,
ಹಿಂಡಿದರೆ ಮೇಲೆ ಐನೂರು.
ಹೊರಗೆ ಮುಖಗಳು ಏನೂ ನಡೆಯದವರ ಹಾಗೆ
ಎತ್ತಿನ ಹಲ್ಲು ನೋಡುತ್ತಿದ್ದವು.
ಮೊದಲ ವರ್ಷ ಅವನ ಟವೆಲಿಗೆ ಯಾರೂ ಕೈ ಚಾಚಲಿಲ್ಲವಂತೆ,
ಕೈ ಕೊಟ್ಟವರೇ ಎಲ್ಲ.
'ಯಾರ ಕಡೆಯೋನಯ್ಯಾ ನೀನು?'

ಫಾರಮ್ಮು ಕೇಳಿದ್ದೂ ಅದನ್ನೇ ತಾನೆ.

ಉತ್ತರ ಬಂತು ಒಂಬತ್ತೇ ನಿಮಿಷಕ್ಕೆ,
ತೊಗರಿಬೇಳೆಯೂ ಬೇಯದ ಹೊತ್ತು.
ಪ್ರಿಯ ಅರ್ಜಿದಾರರೇ, ವಿಷಾದಿಸುತ್ತೇವೆ.
ಎರಡನೆಯವರು ಹದಿನೆಂಟು ದಿನ ಮಾತೇ ಆಡಲಿಲ್ಲ.
ಮೂರನೆಯವರೂ ವಿಷಾದಿಸಿದರು,
ಅದೇ ವಾಕ್ಯ, ಕಾಮಾ ಕೂಡ ಅದೇ ಜಾಗದಲ್ಲಿ.

ತಿದ್ದಿದೆ. ಹುಟ್ಟಿದ ವರ್ಷ ಅಂಟಿದ ಹಳೇ ಇಮೇಲ್ ಬಿಟ್ಟೆ.
ಅಂಗಡಿಯ ವಿಳಾಸ ಹಾಕಿದೆ, ಫೋನ್ ನಂಬರ್ ಹಾಕಿದೆ,
ಎದುರಿಗಿರುವ ಸೈಕಲ್ ಷಾಪಿನ ಗುರುತೂ ಹಾಕಿದೆ.
ಕೊನೆಗೆ ಪ್ರತಿ ಪುಟದ ತಲೆಯ ಮೇಲೆ:
ನೀವು ಇಲ್ಲಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ.
ಬರೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.
ಸಂತೆಯ ನಡುವೆ ತಾತನ ಟವೆಲು ಎಳೆದು
ಹೆಗಲಿಗೆ ಹಾಕಿಕೊಂಡ ಹಾಗಿತ್ತು.

ನಾಲ್ಕನೆಯವರು ಫೋನೇ ಮಾಡಿದರು.
ಹುಡುಗಿ. ಅವಳದು ಹಿಂದಿ,
ನನ್ನದು ತೆಲುಗು ಕಲೆಸಿದ ಕನ್ನಡ,
ನಡುವೆ ಇಬ್ಬರಿಗೂ ಅರ್ಧರ್ಧ ಬರುವ ಇಂಗ್ಲಿಷು.
ಜನ ಕೊಳ್ಳುವ ಹಾಗೆ ಹೇಗೆ ಮಾಡುತ್ತೀರಿ, ಮ್ಯಾಡಂ?
ಯಾವುದು ಕೊಳ್ಳಬೇಡಿ ಅಂತ ಹೇಳುತ್ತೇನೆ, ಎಂದೆ.
ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.
ಉದಾಹರಣೆಗೆ?
ನಿಮ್ಮ ಪಟ್ಟಿಯಲ್ಲೇ ಇದೆಯಲ್ಲ, ಕೆಂಪು ಹಿಡಿಯದು,
ಅದರ ವಾಲ್ವು ವರ್ಷ ನಿಲ್ಲಲ್ಲ.
ಕೆಟ್ಟೆ ಎಂದುಕೊಂಡೆ.
ಅವಳು ದನಿ ತಗ್ಗಿಸಿ ಅಂದಳು,
ನಮ್ಮನೆಯ ಸೂರಿನ ಮೇಲೆ ದಾಲ್ ಇನ್ನೂ ಇದೆ.

ಅಂಗೀಕರಿಸಲಾಗಿದೆ ಎಂಬ ಪತ್ರ
ಮಂಗಳವಾರ ಬಂತು, ಜೊತೆಗೊಂದು ಉದ್ದನೆ ಕೊಂಡಿ,
ಅದರ ಬಾಲದಲ್ಲಿ ಏಳಂಕಿ. ಅದು ನಾನು.
ನನ್ನ ಕೊಂಡಿಯಿಂದ ನಾನೇ ಕೊಳ್ಳುವಂತಿಲ್ಲ ಎಂಬ ನಿಯಮ ಓದಿ
ಆಸೆಯನ್ನು ಮಡಚಿಟ್ಟೆ.

ಇಪ್ಪತ್ಮೂರನೆಯ ದಿನ
ಹಿರಿಯೂರಿನಲ್ಲಿ ಯಾರೋ ಒಂದು ಗ್ಯಾಸ್ಕೆಟ್ ಕೊಂಡರು.
ಎಂಬತ್ತೊಂಬತ್ತು ರೂಪಾಯಿ.
ನನ್ನ ಪಾಲು ಮೂರು ರೂಪಾಯಿ ಐವತ್ತಾರು ಪೈಸೆ,
ಸಾವಿರ ತುಂಬುವ ತನಕ ಕೈಗೆ ಕೊಡುವುದಿಲ್ಲ.
ಅತ್ತೆ ಲೆಕ್ಕ ಹಾಕಿ, ಅರ್ಧ ಟೀ ಎಂದಳು.

ಹೌದು, ಅರ್ಧ ಟೀ.
ಆದರೆ ರಾತ್ರಿಯೆಲ್ಲ ನಿದ್ದೆ ಕೆಡಿಸಿದ್ದು ಅದಲ್ಲ.
ಮೂರು ಲೀಟರೋ ಐದೋ, ನೋಡಿ ಕೊಂಡರೋ ಇಲ್ಲವೋ.
ಆ ರಬ್ಬರು
ಅವರ ಮುಚ್ಚಳಕ್ಕೆ ಕೂತಿತೇ?